52 ಕಳೆ 27: ಟೀಚರ್‌ಗಳು ಒಟ್ಟಿಗೆ ಕೂತರೆ ಏನಾಗುತ್ತದೆ?

[ತೆರೆಯ ಮೇಲೆ: ಮಗುವಿನ ನೋಟ್‌ಬುಕ್ಕಿನ ಒಂದು ಹಾಳೆ. 52 − 27 = 35]

ನಮಸ್ಕಾರ. ಈ ಲೆಕ್ಕ ನೋಡಿ. 52ರಲ್ಲಿ 27 ಕಳೆದರೆ 25 ಬರಬೇಕು. ಮಗು 35 ಅಂತ ಬರೆದಿದೆ. ಪ್ರಾಥಮಿಕ ಶಾಲೆಯಲ್ಲಿ ಲೆಕ್ಕ ಹೇಳಿಕೊಡುವ ಯಾರಿಗೂ ಇದು ಹೊಸದಲ್ಲ. ಕೆಂಪು ಪೆನ್ನಲ್ಲಿ ತಪ್ಪು ಹಾಕಿ ಮುಂದಿನ ನೋಟ್‌ಬುಕ್ ಎತ್ತಿಕೊಳ್ಳುತ್ತೇವೆ. ರಾಶಿ ನೋಟ್‌ಬುಕ್ ತಿದ್ದುವುದಿರುವಾಗ ಇನ್ನೇನು ಮಾಡೋಕಾಗುತ್ತೆ, ಅಲ್ವಾ?

ಈಗ ಇದೇ ಹಾಳೆಯನ್ನು ಮೂವರು ಟೀಚರ್‌ಗಳ ಮುಂದೆ ಇಟ್ಟಿದ್ದೇವೆ ಅಂದುಕೊಳ್ಳಿ.

[ತೆರೆಯ ಮೇಲೆ: ಸ್ಟಾಫ್ ರೂಮಿನ ಮೇಜು, ಮೂರು ಕುರ್ಚಿ, ನಡುವೆ ಆ ನೋಟ್‌ಬುಕ್]

ಮೊದಲನೆಯವರು ಹೇಳುತ್ತಾರೆ: "ಮೇಡಂ, ಈ ಮಗು ಬಿಡಿ ಸ್ಥಾನದಲ್ಲಿ ತಿರುಗಿಸಿ ಕಳೆದಿದೆ. 2ರಲ್ಲಿ 7 ಹೋಗಲ್ಲ ಅಂತ 7ರಲ್ಲಿ 2 ಕಳೆದು 5 ಬರೆದಿದೆ. ದೊಡ್ಡದರಲ್ಲಿ ಚಿಕ್ಕದನ್ನು ಕಳೀಬೇಕು ಅಂತ ನಾವೇ ಹೇಳಿಕೊಟ್ಟಿರ್ತೀವಲ್ಲ!"

ಎರಡನೆಯವರು ಒಪ್ಪುವುದಿಲ್ಲ: "ಇಲ್ಲ ಸರ್, ಮಗು ಹತ್ತು ತಗೊಂಡಿದೆ. 12ರಲ್ಲಿ 7 ಹೋದರೆ 5. ಸರಿಯಾಗೇ ಇದೆ. ಆಮೇಲೆ ಪಕ್ಕದ 5ನ್ನು 4 ಮಾಡೋದು ಮರೆತಿದೆ ಅಷ್ಟೇ."

ಯಾರು ಸರಿ? ಹಾಳೆ ನೋಡಿದರೆ ಗೊತ್ತಾಗುವುದೇ ಇಲ್ಲ. ಎರಡು ದಾರಿಯಲ್ಲಿ ಯಾವುದರಲ್ಲಿ ಹೋದರೂ ಬರುವುದು 35. ಆಗ ಮೂರನೆಯವರು ಒಂದು ಮಾತು ಹೇಳುತ್ತಾರೆ: "27 ಬೇಡ, 28 ಕೊಟ್ಟು ನೋಡಿ."

[ತೆರೆಯ ಮೇಲೆ: 52 − 28. ಎಡಕ್ಕೆ 36, ಬಲಕ್ಕೆ 34]

ತಿರುಗಿಸಿ ಕಳೆಯುವ ಮಗು ಈಗ 36 ಬರೆಯುತ್ತದೆ. ಹತ್ತು ತೆಗೆದುಕೊಂಡು ಪಕ್ಕದಲ್ಲಿ ಕಡಿಮೆ ಮಾಡಲು ಮರೆಯುವ ಮಗು 34 ಬರೆಯುತ್ತದೆ. ಸರಿ ಉತ್ತರ 24. ಒಂದೇ ಒಂದು ಅಂಕಿ ಬದಲಾಯಿಸಿದ್ದಕ್ಕೆ ಇಬ್ಬರು ಮಕ್ಕಳ ತಲೆಯೊಳಗೆ ನಡೆಯುತ್ತಿರುವುದು ಬೇರೆ ಬೇರೆಯಾಗಿ ಕಾಣಿಸಿತು. 36 ಬರೆದ ಮಗುವಿನ ಜೊತೆ ಕಡ್ಡಿ ಕಟ್ಟು ಇಟ್ಟುಕೊಂಡು ಕೂರಬೇಕು. ಹತ್ತರ ಕಟ್ಟು ಬಿಚ್ಚಿದರೆ ಹತ್ತು ಬಿಡಿ ಸಿಗುತ್ತದೆ ಅನ್ನುವುದೇ ಅದಕ್ಕೆ ಇನ್ನೂ ಹತ್ತಿಲ್ಲ. 34 ಬರೆದ ಮಗುವಿಗೆ ಅದು ಗೊತ್ತು. ಬರೆಯುವ ಕ್ರಮದಲ್ಲಿ ಒಂದು ಹೆಜ್ಜೆ ಬಿಟ್ಟುಹೋಗಿದೆ. ಇಬ್ಬರಿಗೂ ಒಂದೇ ಪಾಠವನ್ನು ಮತ್ತೆ ಹೇಳಿದರೆ ಒಬ್ಬರ ಹೊತ್ತು ಸುಮ್ನೆ ಹಾಳು.

ಹತ್ತು ನಿಮಿಷದ ಈ ಮಾತುಕತೆ ಆಗಾಗ ನಡೆಯುವ ಅಭ್ಯಾಸ ಆಯಿತು ಅಂದರೆ, ಅದಕ್ಕೇ ಶಿಕ್ಷಕರ ಕಲಿಕಾ ಸಮುದಾಯ ಅನ್ನುವುದು. ಆ ಹೆಸರು ಕೇಳಿದ ಕೂಡಲೇ ಬ್ಯಾನರ್, ಭಾಷಣ, ಪಿಪಿಟಿ, ಹಾಜರಿ ಸಹಿ ಕಣ್ಣ ಮುಂದೆ ಬರುತ್ತದೆ. ಅದನ್ನೆಲ್ಲ ಪಕ್ಕಕ್ಕಿಡಿ. ಈ ವಿಡಿಯೋದಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟು: ಮಗುವಿನ ಕೆಲಸವನ್ನು ನಡುವೆ ಇಟ್ಟು ಕಟ್ಟಿದ ಗುಂಪು ಉಳಿಯುತ್ತದೆ. ಮೀಟಿಂಗ್ ಮಾಡಬೇಕಲ್ಲ ಅಂತ ಕಟ್ಟಿದ ಗುಂಪು ಉಳಿಯುವುದಿಲ್ಲ.

[ತೆರೆಯ ಮೇಲೆ: ಉದ್ದನೆಯ ಕಾರಿಡಾರ್, ಸಾಲಾಗಿ ಮುಚ್ಚಿದ ಬಾಗಿಲುಗಳು]

ಟೀಚರ್ ಕೆಲಸದಲ್ಲಿ ಒಂದು ವಿಚಿತ್ರ ಇದೆ. ದಿನವಿಡೀ ಜನರ ಮಧ್ಯೆಯೇ ಇರುತ್ತಾರೆ. ಆದರೆ ಅವರು ಪಾಠ ಮಾಡುವುದನ್ನು ಪಕ್ಕದ ಕ್ಲಾಸಿನ ಟೀಚರ್ ಒಮ್ಮೆಯೂ ನೋಡಿರುವುದಿಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞ ಡ್ಯಾನ್ ಲಾರ್ಟಿ 1975ರಲ್ಲೇ ಶಾಲೆಯನ್ನು ಮೊಟ್ಟೆಯ ಟ್ರೇಗೆ ಹೋಲಿಸಿದ್ದರು. ಒಂದೊಂದು ಗುಂಡಿಯಲ್ಲಿ ಒಂದೊಂದು ಮೊಟ್ಟೆ, ಒಂದಕ್ಕೊಂದು ತಾಗುವುದಿಲ್ಲ. ಅವರು ಇನ್ನೊಂದು ಮಾತನ್ನೂ ಹೇಳಿದ್ದರು. ನಾವು ವಿದ್ಯಾರ್ಥಿಗಳಾಗಿ ಸಾವಿರಾರು ಗಂಟೆ ನಮ್ಮ ಮೇಷ್ಟ್ರುಗಳನ್ನು ನೋಡುತ್ತಾ ಕೂತಿರುತ್ತೇವೆ. ಪಾಠ ಅಂದರೆ ಏನು ಅನ್ನುವ ಕಲ್ಪನೆ ಅಲ್ಲೇ ಗಟ್ಟಿಯಾಗಿಬಿಡುತ್ತದೆ. ಆಮೇಲೆ ನಮ್ಮ ಬಾಗಿಲು ಮುಚ್ಚಿಕೊಂಡು ಅದನ್ನೇ ಮುಂದುವರಿಸುತ್ತೇವೆ. ತಿದ್ದುವವರು ಯಾರು?

ಕೆಳಗಿನ ತರಗತಿಗಳಲ್ಲಂತೂ ಇದು ಇನ್ನೂ ಜಾಸ್ತಿ. ಒಬ್ಬರೇ ಭಾಷೆ, ಲೆಕ್ಕ, ಪರಿಸರ, ಚಿತ್ರ ಎಲ್ಲ ಕಲಿಸಬೇಕು. ಕಥೆ ಹೇಳಿದರೆ ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳುವಂಥ ಟೀಚರ್‌ಗೆ ಭಿನ್ನರಾಶಿ ಅಂದರೆ ಅಳುಕು. ಪಕ್ಕದ ಕ್ಲಾಸಿನಲ್ಲಿ ಅದರ ಉಲ್ಟಾ. ಇಬ್ಬರ ನಡುವೆ ಇರುವುದು ಒಂದು ಗೋಡೆ ಮಾತ್ರ.

ಹಾಗಂತ ಟೀಚರ್‌ಗಳು ಮಾತೇ ಆಡುವುದಿಲ್ಲವಾ? ಆಡುತ್ತಾರೆ, ಬೇಕಾದಷ್ಟು! ಆದರೆ ಯಾವ ಮಾತು ಅನ್ನುವುದು ಮುಖ್ಯ. ಜೂಡಿತ್ ವಾರೆನ್ ಲಿಟಲ್ ಅನ್ನುವ ಸಂಶೋಧಕಿ ಅಮೆರಿಕದ 6 ಶಾಲೆಗಳನ್ನು ಹತ್ತಿರದಿಂದ ನೋಡಿ 1982ರಲ್ಲಿ ಬರೆದರು. ಚೆನ್ನಾಗಿ ನಡೆಯುತ್ತಿದ್ದ ಶಾಲೆಗಳಲ್ಲಿ ಪಾಠದ ಬಗ್ಗೆಯೇ ಮಾತು ನಡೆಯುತ್ತಿತ್ತು, ಅದೂ ವಿವರವಾಗಿ, ಖಚಿತವಾಗಿ. ಒಬ್ಬರ ಕ್ಲಾಸನ್ನು ಇನ್ನೊಬ್ಬರು ನೋಡುತ್ತಿದ್ದರು. ಪಾಠಕ್ಕೆ ಬೇಕಾದ ಸಾಮಗ್ರಿಯನ್ನು ಒಟ್ಟಿಗೆ ತಯಾರು ಮಾಡುತ್ತಿದ್ದರು. 1990ರಲ್ಲಿ ಅವರೇ ಇದನ್ನು ಇನ್ನಷ್ಟು ಬಿಡಿಸಿ ಹೇಳಿದರು. ಅನುಭವದ ಕಥೆ ಹೇಳಿಕೊಳ್ಳುವುದು, ಕೇಳಿದಾಗ ನೆರವಾಗುವುದು, ವರ್ಕ್‌ಶೀಟ್ ಹಂಚಿಕೊಳ್ಳುವುದು, ಇವೆಲ್ಲ ಒಂದು ಕಡೆ. ಫಲಿತಾಂಶಕ್ಕೆ ಎಲ್ಲರೂ ಹೊಣೆಯಾಗುವಂಥ ಜಂಟಿ ಕೆಲಸ ಇನ್ನೊಂದು ಕಡೆ. ಮೊದಲ ಮೂರರಿಂದ ಸ್ನೇಹ ಬೆಳೆಯುತ್ತದೆ, ಸರಿ. ಆದರೆ ನನ್ನ ಪಾಠ ಇದ್ದ ಹಾಗೇ ಇರಬಹುದು. ನಾಲ್ಕನೆಯದರಲ್ಲಿ ಅದಕ್ಕೆ ಜಾಗ ಇಲ್ಲ.

ನಮ್ಮ ಫೋನ್ ಗುಂಪುಗಳು ಎಲ್ಲಿ ನಿಲ್ಲುತ್ತವೆ ಅಂತ ಈಗ ಹೊಳೆದಿರಬೇಕು. ಸುತ್ತೋಲೆ, ಶುಭೋದಯ, ಯಾರೋ ಕಳಿಸಿದ ಪಿಡಿಎಫ್. ಲಿಟಲ್ ಹೇಳಿದ ಮೂರನೆಯದು, ಅಂದರೆ ಹಂಚಿಕೊಳ್ಳುವುದು ಕೂಡ ಪೂರ್ತಿ ಅಲ್ಲ!

[ತೆರೆಯ ಮೇಲೆ: 3, 4, 5ನೇ ತರಗತಿ ಅಂತ ಬರೆದ ಮೂರು ಬಾಗಿಲು, ನಡುವೆ ಬಾಣದ ಗುರುತು]

ಇದರಿಂದ ಮಕ್ಕಳಿಗೆ ಏನು ಸಿಗುತ್ತದೆ? ಕಿರಾಬೋ ಜಾಕ್ಸನ್ ಮತ್ತು ಎಲಿಯಾಸ್ ಬ್ರೂಗ್‌ಮನ್ ಅನ್ನುವ ಅರ್ಥಶಾಸ್ತ್ರಜ್ಞರು 2009ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅಮೆರಿಕದ ನಾರ್ತ್ ಕ್ಯಾರೊಲಿನಾ ರಾಜ್ಯದ 3ರಿಂದ 5ನೇ ತರಗತಿಯ ಮಕ್ಕಳ ಅಂಕಿಅಂಶ ಅದು. ಒಬ್ಬ ಟೀಚರ್ ಇರುವ ಶಾಲೆಯಲ್ಲೇ ಅದೇ ತರಗತಿಯ ಬೇರೆ ವಿಭಾಗಗಳಿಗೆ ಪಾಠ ಮಾಡುವ ಟೀಚರ್‌ಗಳು ಚೆನ್ನಾಗಿ ಕಲಿಸುವವರಾಗಿದ್ದರೆ, ಆ ಒಬ್ಬ ಟೀಚರ್‌ನ ಮಕ್ಕಳೂ ಲೆಕ್ಕದಲ್ಲಿ, ಓದಿನಲ್ಲಿ ಮುಂದೆ ಬರುತ್ತಿದ್ದರು. ಅಂದರೆ ಪಕ್ಕದ ಕೋಣೆಯ ಒಳ್ಳೆಯ ಟೀಚರ್‌ನಿಂದ ನಿಮ್ಮ ಕೋಣೆಯ ಮಗುವಿಗೆ ಲಾಭ. ಹೊಸದಾಗಿ ಕೆಲಸಕ್ಕೆ ಸೇರಿದವರ ಮೇಲೆ ಇದರ ಪರಿಣಾಮ ಹೆಚ್ಚು, ಮತ್ತು ಅದು ವರ್ಷಗಟ್ಟಲೆ ಉಳಿಯುತ್ತದೆ ಅಂತಲೂ ಕಂಡುಬಂತು.

ಟೆನೆಸ್ಸಿ ರಾಜ್ಯದ 14 ಶಾಲೆಗಳಲ್ಲಿ ಇನ್ನೊಂದು ಪ್ರಯೋಗ ನಡೆಯಿತು. ಪ್ರಶ್ನೆ ಕೇಳುವುದರಲ್ಲಿ ಒಬ್ಬರು ಹಿಂದೆ ಇದ್ದರೆ, ಅದರಲ್ಲೇ ಗಟ್ಟಿ ಇರುವ ಸಹೋದ್ಯೋಗಿಯ ಜೊತೆ ಜೋಡಿ ಮಾಡಿದರು. ಹಿಂದೆ ಇದ್ದವರ ಮಕ್ಕಳ ಪರೀಕ್ಷಾ ಫಲಿತಾಂಶ ಸುಧಾರಿಸಿತು. ಇಲ್ಲಿ ಜಾಣತನ ಇರುವುದು ಜೋಡಿಯ ಆಯ್ಕೆಯಲ್ಲಿ. "ಒಳ್ಳೆ ಟೀಚರ್", "ಸುಮಾರಾದ ಟೀಚರ್" ಅಂತ ಹಣೆಪಟ್ಟಿ ಅಂಟಿಸದೆ, ಇಂಥ ಒಂದು ಕೌಶಲ ಅಂತ ಹಿಡಿದರು.

[ತೆರೆಯ ಮೇಲೆ: ತರಗತಿಯ ಹಿಂಭಾಗದಲ್ಲಿ, ಗೋಡೆಗೆ ಒರಗಿ ನಿಂತ ಟೀಚರ್‌ಗಳು. ಕೈಯಲ್ಲಿ ಪಾಠ ಯೋಜನೆ]

ಈಗ ಜಪಾನಿಗೆ ಹೋಗೋಣ. ಇಲ್ಲಿ ಸ್ವಲ್ಪ ನಿಧಾನ ಮಾಡುತ್ತೇನೆ, ಯಾಕೆಂದರೆ ಕಲಿಯುವುದು ಜಾಸ್ತಿ ಇದೆ. ಅಲ್ಲಿ ಜುಗ್ಯೋ ಕೆಂಕ್ಯೂ ಅನ್ನುವ ಪದ್ಧತಿ ಇದೆ. ಪಾಠದ ಅಧ್ಯಯನ. ಇದರ ಬೇರು ಹತ್ತೊಂಬತ್ತನೇ ಶತಮಾನದ ಕೊನೆಯ ದಶಕಗಳಲ್ಲಿದೆ. ಪ್ರಾಥಮಿಕ ಶಾಲೆಗಳಲ್ಲಿ ಇದು ತೀರಾ ಸಾಮಾನ್ಯ.

ನಡೆಯುವುದು ಹೀಗೆ. ಕೆಲವು ಟೀಚರ್‌ಗಳು ಸೇರಿ ಒಂದು ಪಾಠ ಆರಿಸಿಕೊಳ್ಳುತ್ತಾರೆ. ಇಡೀ ಅಧ್ಯಾಯ ಅಲ್ಲ, ಒಂದು ಪೀರಿಯಡ್‌ನ ಪಾಠ. ಅದರ ಮೇಲೆ ಎಷ್ಟೋ ದಿನ ಕೂರುತ್ತಾರೆ. ಒಂದನೇ ತರಗತಿಗೆ ಹತ್ತು ಬಿಡಿಸಿ ಕಳೆಯುವ ಲೆಕ್ಕ ಮೊದಲ ಸಲ ಹೇಳಿಕೊಡುವಾಗ ಯಾವ ಸಂಖ್ಯೆಯಿಂದ ಶುರು ಮಾಡಬೇಕು ಅನ್ನುವುದರ ಮೇಲೇ ಚರ್ಚೆ ನಡೆಯುತ್ತದೆ. 13ರಲ್ಲಿ 9 ಕೊಟ್ಟರೆ ಮಗು 10ರಿಂದ 9 ತೆಗೆದು, ಉಳಿದ 1ಕ್ಕೆ 3 ಸೇರಿಸಿ 4 ಅನ್ನಬಹುದು. 12ರಲ್ಲಿ 3 ಕೊಟ್ಟರೆ ಮೊದಲು 2 ತೆಗೆದು 10ಕ್ಕೆ ಬಂದು, ಆಮೇಲೆ ಇನ್ನೊಂದು ತೆಗೆಯುವುದೇ ಸುಲಭ. ನೀವು ಕೊಡುವ ಸಂಖ್ಯೆ ಮಗುವನ್ನು ಒಂದು ದಾರಿಗೆ ತಳ್ಳುತ್ತದೆ. ಪಠ್ಯಪುಸ್ತಕದಲ್ಲಿ ಮೊದಲು ಸಿಕ್ಕಿದ ಲೆಕ್ಕ ಬೋರ್ಡಿನ ಮೇಲೆ ಬರೆಯುವ ನಮಗೆ ಇದು ಅತಿ ಅನ್ನಿಸಬಹುದು. ನನಗಂತೂ ಹಾಗನ್ನಿಸುವುದಿಲ್ಲ. ಶಿಕ್ಷಕರ ವಿದ್ಯೆ ಅನ್ನುವುದು ಇದ್ದರೆ ಅದು ಇರುವುದು ಇಂಥ ಕಡೆಯಲ್ಲೇ.

ಆಮೇಲೆ ಒಬ್ಬರು ಆ ಪಾಠ ಮಾಡುತ್ತಾರೆ, ಉಳಿದವರು ನೋಡುತ್ತಾರೆ. ನೋಡುವವರು ಮಕ್ಕಳಿಗೆ ಹೇಳಿಕೊಡುವಂತಿಲ್ಲ. ಮಗು ತಡವರಿಸುತ್ತಿದ್ದರೂ ಬಾಯಿ ಬಿಡುವಂತಿಲ್ಲ. ಟೀಚರ್‌ಗಳಿಗೆ ಇದಕ್ಕಿಂತ ಕಷ್ಟದ ಕೆಲಸ ಇಲ್ಲ! ಅವರ ಕಣ್ಣು ಮಕ್ಕಳ ಮೇಲೆ. ಯಾವ ಮಗು ಯಾವಾಗ ಪೆನ್ಸಿಲ್ ನಿಲ್ಲಿಸಿತು, ಏನು ಅಳಿಸಿ ಏನು ಬರೆಯಿತು, ಪಕ್ಕದವರಿಗೆ ಏನು ಹೇಳಿತು ಅಂತ ಗುರುತು ಮಾಡಿಕೊಳ್ಳುತ್ತಾರೆ.

ಮಕ್ಕಳು ಹೋದ ಮೇಲೆ ಚರ್ಚೆ. ಸಾಮಾನ್ಯವಾಗಿ ಪಾಠ ಮಾಡಿದವರೇ ಮೊದಲು ಮಾತಾಡುತ್ತಾರೆ. ಪಾಠ ಎಲ್ಲರೂ ಸೇರಿ ತಯಾರಿಸಿದ್ದು, ಹಾಗಾಗಿ ಬಿದ್ದರೆ ಎಲ್ಲರದ್ದೂ ಬಿತ್ತು. "ನೀವು ಅಲ್ಲಿ ಅವಸರ ಮಾಡಿದಿರಿ" ಅನ್ನುವ ಮಾತಿನ ಬದಲು "ಆ ಪ್ರಶ್ನೆ ಕೇಳಿದಾಗ ಮೂಲೆಯ ನಾಲ್ಕು ಮಕ್ಕಳು ಬರೆಯುವುದನ್ನೇ ನಿಲ್ಲಿಸಿದರು" ಅನ್ನುವ ಮಾತು ಬರುತ್ತದೆ. ಹೇಳಿದ್ದು ಒಂದೇ ವಿಷಯ, ಆದರೆ ಎರಡನೆಯದನ್ನು ಕೇಳಿಸಿಕೊಂಡು ಕೆಲಸ ಮಾಡಬಹುದು. ಕೆಲವು ಸಲ ತಿದ್ದಿದ ಪಾಠವನ್ನು ಬೇರೆ ತರಗತಿಯಲ್ಲಿ ಇನ್ನೊಬ್ಬರು ಮಾಡಿ ನೋಡುತ್ತಾರೆ.

ಚೀನಾದಲ್ಲೂ ಒಂದೇ ವಿಷಯ ಕಲಿಸುವವರ ಬೋಧನಾ ಸಂಶೋಧನಾ ಗುಂಪುಗಳು 1950ರ ದಶಕದಿಂದ ಶಾಲಾ ವ್ಯವಸ್ಥೆಯ ಭಾಗವಾಗಿಯೇ ಇವೆ.

[ತೆರೆಯ ಮೇಲೆ: ಸುತ್ತೋಲೆ, ನಮೂನೆ, ಸಹಿ ಪುಸ್ತಕ]

ಸರಿ, ಹಾಗಾದರೆ ಎಲ್ಲ ಶಾಲೆಗೂ ಆದೇಶ ಹೊರಡಿಸಿಬಿಡೋಣವಾ? ಅಲ್ಲೇ ಕೆಡುವುದು. ಆಂಡಿ ಹಾರ್‌ಗ್ರೀವ್ಸ್ ಅನ್ನುವ ವಿದ್ವಾಂಸರು ಕೆನಡಾದ ಒಂಟಾರಿಯೋದ ಪ್ರಾಥಮಿಕ ಶಾಲೆಗಳಲ್ಲಿ ಟೀಚರ್‌ಗಳಿಗೆ ಸಿಗುವ ತಯಾರಿಯ ಸಮಯ ಹೇಗೆ ಬಳಕೆಯಾಗುತ್ತದೆ ಅಂತ ನೋಡಿದರು. ಮೇಲಿನಿಂದ ಹೇರಿದ, ಇಂತಿಷ್ಟು ಹೊತ್ತಿಗೆ ಇಂತಲ್ಲಿ ಕೂತು ಸಹಕರಿಸಿ ಅನ್ನುವಂಥ ಸಹಕಾರಕ್ಕೆ ಅವರು ಬಲವಂತದ ಒಡನಾಟ ಅನ್ನುವ ಅರ್ಥದ ಹೆಸರಿಟ್ಟರು. ಇಂಥ ಕಡೆ ಜನ ಬರುತ್ತಾರೆ, ಕೂರುತ್ತಾರೆ, ನಮೂನೆ ತುಂಬುತ್ತಾರೆ, ಹೋಗುತ್ತಾರೆ. ಪಾಠ ತಯಾರಿಗೆ ಇದ್ದ ಹೊತ್ತೂ ಹೋಯಿತು ಅಂತ ಗೊಣಗುತ್ತಾರೆ. ಗೊಣಗುವುದು ನ್ಯಾಯವೇ.

ಆದರೆ ಸಮಯವನ್ನು ಯಾರಾದರೂ ಕೊಡಲೇಬೇಕು. "ಮನಸ್ಸಿದ್ದವರು ಸಂಜೆ ಕೂತುಕೊಳ್ಳಲಿ" ಅಂದರೆ ಅದು ಬಸ್ ಹಿಡಿಯಬೇಕಾದವರನ್ನು, ಮನೆಯಲ್ಲಿ ಚಿಕ್ಕ ಮಕ್ಕಳಿರುವವರನ್ನು ಹೊರಗಿಟ್ಟ ಹಾಗೆ. ಹೆಡ್ ಮಾಸ್ಟರ್ ಮಾಡಬೇಕಾದ ದೊಡ್ಡ ಕೆಲಸ ಅಂದರೆ ಟೈಮ್ ಟೇಬಲ್‌ನಲ್ಲಿ ವಾರಕ್ಕೆ ಒಂದು ಪೀರಿಯಡ್ ಬಿಡಿಸಿಕೊಡುವುದು. ಎರಡು ತರಗತಿ ಸೇರಿಸಿ ಆಟಕ್ಕೋ ಕಥೆಗೋ ಕಳಿಸಿದರೆ ಇಬ್ಬರು ಟೀಚರ್‌ಗಳು ಸಿಗುತ್ತಾರೆ. ಆ ಪೀರಿಯಡ್‌ನಲ್ಲಿ ಬೇರೆ ಯಾವ ವರದಿಯನ್ನೂ ಕೇಳಬಾರದು. ಹೆಡ್ ಮಾಸ್ಟರ್ ಬಂದು ಕೂರುವುದಾದರೆ ತಮ್ಮದೂ ಒಂದು ಕ್ಲಾಸಿನ ನೋಟ್‌ಬುಕ್ ತರಲಿ. ಇಲ್ಲದಿದ್ದರೆ ಅದು ತನಿಖೆ ಆಗುತ್ತದೆ. ಅಲ್ಲಿ ಆಡಿದ ಮಾತು ಯಾರ ಮೌಲ್ಯಮಾಪನಕ್ಕೂ ಹೋಗಬಾರದು. ಒಮ್ಮೆ ಹೋಯಿತೋ, ಮುಂದಿನ ವಾರದಿಂದ ಎಲ್ಲರೂ ಚೆನ್ನಾಗಿ ಬರೆದ ನೋಟ್‌ಬುಕ್ಕನ್ನೇ ತರುತ್ತಾರೆ.

ನೀವೇ ಶುರು ಮಾಡುವುದಾದರೆ ಇಡೀ ಶಾಲೆ ಬೇಡ. ಇಬ್ಬರು ಸಾಕು, ಮೂವರಿದ್ದರೆ ಇನ್ನೂ ಒಳ್ಳೆಯದು. ಒಂದೇ ಲೆಕ್ಕ ಅಥವಾ ಒಂದೇ ಬರವಣಿಗೆಯ ನಾಲ್ಕೈದು ಮಕ್ಕಳ ಹಾಳೆ ತನ್ನಿ. ಮಗುವಿನ ಹೆಸರು ಮುಚ್ಚಿಡಿ. ಮೊದಲ ಐದು ನಿಮಿಷ "ಮಗು ಏನು ಮಾಡಿದೆ" ಅಂತ ಮಾತ್ರ ಹೇಳಬೇಕು. ಯಾಕೆ ಮಾಡಿತು, ಮುಂದೇನು ಮಾಡಬೇಕು ಅನ್ನುವುದೆಲ್ಲ ಆಮೇಲೆ. ಈ ಒಂದು ಕಟ್ಟುಪಾಡು ಬಿಟ್ಟರೆ ಮಾತು ಎರಡೇ ನಿಮಿಷದಲ್ಲಿ "ಈಗಿನ ಮಕ್ಕಳಿಗೆ ಗಮನವೇ ಇಲ್ಲ", "ಮನೆಯಲ್ಲಿ ನೋಡಿಕೊಳ್ಳೋದಿಲ್ಲ" ಅನ್ನುವ ಕಡೆ ಹೊರಳುತ್ತದೆ. ಅದು ನಿಜವೇ ಇರಬಹುದು. ಆದರೆ ನಾಳೆ ಬೆಳಿಗ್ಗೆಯ ಪೀರಿಯಡ್‌ಗೆ ಅದರಿಂದ ಏನೂ ಸಿಗುವುದಿಲ್ಲ.

ಹಿರಿಯರು ಕೊನೆಗೆ ಮಾತಾಡಲಿ. ಇಪ್ಪತ್ತು ವರ್ಷ ಪಾಠ ಮಾಡಿದವರು ಮೊದಲು ತೀರ್ಪು ಕೊಟ್ಟರೆ ಹೋದ ವರ್ಷ ಸೇರಿದವರು ತಲೆಯಾಡಿಸುತ್ತಾರೆ, ಅಷ್ಟೇ. ಹೊಸಬರ ಕಣ್ಣಿಗೆ ಕಾಣುವುದು ಕೆಲವೊಮ್ಮೆ ಹಳಬರ ಕಣ್ಣಿಗೆ ಬಿದ್ದೇ ಇರುವುದಿಲ್ಲ. ಮಾತು ಮುಗಿದ ಮೇಲೆ ಅರ್ಧ ಪುಟ ಬರೆದಿಡಿ: ಯಾವ ಲೆಕ್ಕ, ಯಾವ ತಪ್ಪು, ಏನು ಮಾಡಿ ನೋಡುತ್ತೇವೆ. ಟೀಚರ್‌ಗಳಿಗೆ ವರ್ಗ ಆಗುತ್ತದೆ, ತರಗತಿ ಬದಲಾಗುತ್ತದೆ. ಆ ಪುಟಗಳು ಮುಂದೆ ಬರುವವರಿಗೆ ಸಿಗಬೇಕು.

[ತೆರೆಯ ಮೇಲೆ: ಒಂದೇ ಕೋಣೆಯ ಶಾಲೆ]

ಶಾಲೆಯಲ್ಲಿ ಇರುವುದೇ ಒಬ್ಬರೋ ಇಬ್ಬರೋ ಟೀಚರ್ ಆದರೆ? ಹತ್ತಿರದ ಇನ್ನೊಂದು ಸಣ್ಣ ಶಾಲೆಯ ಟೀಚರ್ ಜೊತೆ ಜೋಡಿಯಾಗಿ. ನೋಟ್‌ಬುಕ್ ಹಾಳೆಯ ಫೋಟೋ ಕಳಿಸಿ, ಆಮೇಲೆ ಫೋನಿನಲ್ಲಿ ಮಾತಾಡಿ. ಬರೆದು ಚರ್ಚೆ ಮಾಡುವುದು ಬೇಡ, ಬರಹದಲ್ಲಿ ಎಲ್ಲರೂ ಗಂಭೀರರಾಗಿಬಿಡುತ್ತಾರೆ. ಕ್ಲಾಸಿನ ವಿಡಿಯೋ ತೆಗೆಯುವುದಾದರೆ ಪೋಷಕರ ಒಪ್ಪಿಗೆ ಪಡೆಯಿರಿ, ಕ್ಯಾಮೆರಾವನ್ನು ಬೋರ್ಡಿನ ಕಡೆಗೆ ತಿರುಗಿಸದೆ ಮಕ್ಕಳ ಡೆಸ್ಕಿನ ಮೇಲೆ ನಿಲ್ಲಿಸಿ.

ಮುಂದಿನ ವಿಡಿಯೋದಲ್ಲಿ ಓದುವಾಗ ಆಗುವ ತಪ್ಪುಗಳನ್ನು ಇದೇ ರೀತಿ ಬಿಡಿಸಿ ನೋಡೋಣ. ನಿಮ್ಮ ತರಗತಿಯ ಮಗುವೊಂದು ಗಟ್ಟಿಯಾಗಿ ಓದುವುದನ್ನು ಒಂದು ನಿಮಿಷ ರೆಕಾರ್ಡ್ ಮಾಡಿ ಇಟ್ಟುಕೊಂಡಿರಿ. ಧ್ವನಿ ಮಾತ್ರ ಸಾಕು.