ಭಟ್ಟಿಯಿಂದ ಬಂದದ್ದು ಎಷ್ಟು ಗಂಟೆಗೆ?

ಕೇಳುಗರೆಲ್ಲರಿಗೂ ನಮಸ್ಕಾರ. ನೆರೆಹೊರೆಯ ಸಣ್ಣ ಬೇಕರಿಗಳಲ್ಲಿ ಗ್ರಾಹಕರಿಗಾಗುವ ಅನುಭವಗಳ ಕುರಿತು ಮಾತನಾಡಬೇಕೆಂದು ಕಾರವಾರ ಆಕಾಶವಾಣಿಯವರು ಕೇಳಿದಾಗ ನಾನು ಕೂಡಲೇ ಒಪ್ಪಿಕೊಂಡದ್ದು, ಬಹಳ ವರ್ಷಗಳಿಂದ ಹೇಳಬೇಕೆಂದುಕೊಂಡ ಒಂದೇ ಒಂದು ಮಾತನ್ನು ಹೇಳುವ ಆಸೆಯಿಂದ. ನಿಮ್ಮಲ್ಲಿ ಕೆಲವರು ಈಗ ಮೀನು ಹೆಚ್ಚುತ್ತಿರಬಹುದು, ಕೆಲವರು ಬಸ್ಸಿಗೆ ಹೊರಟು ನಿಂತಿರಬಹುದು. ಆದ್ದರಿಂದ ಆ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಬೇಕರಿಗೆ ಹೋದಾಗ ಬೆಲೆ ಕೇಳುವ ಮೊದಲು, ‘ಇದು ಭಟ್ಟಿಯಿಂದ ಬಂದದ್ದು ಎಷ್ಟು ಗಂಟೆಗೆ?’ ಎಂದು ಕೇಳಿ. ಬಸ್ಸಿಗೆ ಹೊರಟವರು ಇನ್ನು ಹೊರಡಬಹುದು.

ನಾನು ಈ ಜಿಲ್ಲೆಯ ಹಲವು ಊರುಗಳಲ್ಲಿ ಸ್ವಂತ ಉದ್ಯೋಗ ಮಾಡಬಯಸುವ ಯುವಕ ಯುವತಿಯರಿಗೆ ಬ್ರೆಡ್ಡು, ಬನ್ನು, ಖಾರಿ, ಬಿಸ್ಕತ್ತು ಮಾಡುವುದನ್ನು ಕಲಿಸುತ್ತ ಇಪ್ಪತ್ತಕ್ಕೂ ಹೆಚ್ಚು ವರ್ಷ ಕಳೆದವರಲ್ಲಿ ಒಬ್ಬ. ಕಲಿತವರು ಅಂಗಡಿ ಹಾಕುತ್ತಾರೆ. ಅವರ ಗ್ರಾಹಕರು ದಾರಿಯಲ್ಲಿ ನನ್ನನ್ನು ತಡೆದು ನಿಲ್ಲಿಸುತ್ತಾರೆ. ನಿಮ್ಮ ಶಿಷ್ಯನ ಬ್ರೆಡ್ಡು ಮರುದಿನವೇ ಬಿರುಸಾಯಿತು, ಖಾರಿ ಮೆತ್ತಗಾಯಿತು, ಬನ್ನಿಗೆ ಮೂರನೆಯ ದಿನವೇ ಬೂಷ್ಟು ಬಂತು ಎನ್ನುತ್ತಾರೆ. ನಾನು ಪ್ರತಿಯೊಬ್ಬರಿಗೂ ಕೇಳುವುದು ಒಂದೇ: ಕೊಳ್ಳುವಾಗ ಅದು ಎಷ್ಟು ಹೊತ್ತಿನದೆಂದು ಕೇಳಿದ್ದಿರಾ? ಕೇಳಿದ್ದೆ ಎಂದವರು ಇದುವರೆಗೆ ನನಗೆ ಸಿಕ್ಕಿಲ್ಲ. ಬಂಗಡೆ ಕೊಳ್ಳುವಾಗ ಕಿವಿರನ್ನು ಎತ್ತಿ ನೋಡಿ, ದೋಣಿ ಯಾವಾಗ ಬಂತೆಂದು ವಿಚಾರಿಸಿ, ಮೀನು ಮಾರುವವಳೊಡನೆ ಜಗಳಕ್ಕೇ ನಿಲ್ಲುವ ನಮ್ಮ ಕರಾವಳಿಯ ಜನ ಬೇಕರಿಯ ಗಾಜಿನ ಪೆಟ್ಟಿಗೆಯ ಮುಂದೆ ಮಾತ್ರ ಏಕೆ ಮೂಕರಾಗುತ್ತಾರೋ ನನಗೆ ತಿಳಿಯದು.

ಬ್ರೆಡ್ಡಿಗೂ ವಯಸ್ಸಾಗುತ್ತದೆ, ಅದೂ ಬಹಳ ಬೇಗ. ಭಟ್ಟಿಯಲ್ಲಿ ಬೇಯುವಾಗ ಹಿಟ್ಟಿನೊಳಗಿನ ಪಿಷ್ಟವು ನೀರು ಕುಡಿದು, ಉಬ್ಬಿ, ಮೆತ್ತಗಾಗುತ್ತದೆ. ಹೊರಗೆ ಬಂದು ಆರತೊಡಗಿದ ಮೇಲೆ ಅದೇ ಪಿಷ್ಟವು ಮೆಲ್ಲಮೆಲ್ಲನೆ ಬಿಗಿದುಕೊಂಡು, ಕುಡಿದ ನೀರನ್ನು ಬಿಟ್ಟುಕೊಡುತ್ತದೆ. ರಾತ್ರಿ ಉಳಿದ ಅನ್ನವನ್ನು ಬೆಳಿಗ್ಗೆ ಮುಟ್ಟಿ ನೋಡಿದವರಿಗೆಲ್ಲ ಇದು ಗೊತ್ತು: ಅಗುಳು ಬಿರುಸಾಗಿರುತ್ತದೆ, ಒಗ್ಗರಣೆ ಹಾಕಿ ಬಿಸಿ ಮಾಡಿದರೆ ಮತ್ತೆ ಮೆತ್ತಗಾಗುತ್ತದೆ. ಬ್ರೆಡ್ಡಿನ ಒಳಗೆ ನಡೆಯುವುದೂ ಅಷ್ಟೇ. ಫ್ರಿಜ್ಜಿನ ತಂಪಿನಲ್ಲಿ ಈ ಬಿಗಿಯುವ ಕೆಲಸ ಇನ್ನೂ ವೇಗವಾಗಿ ನಡೆಯುತ್ತದೆ. ಆದ್ದರಿಂದ ದಯವಿಟ್ಟು ಬ್ರೆಡ್ಡನ್ನು ಫ್ರಿಜ್ಜಿನಲ್ಲಿ ಇಡಬೇಡಿ. ಮಳೆಗಾಲದಲ್ಲಿ ಬೂಷ್ಟಿನ ಭಯವಿದ್ದರೆ ಒಂದು ದಿನಕ್ಕೆ ಸಾಕಾಗುವಷ್ಟನ್ನೇ ಕೊಳ್ಳಿ; ಹೆಚ್ಚು ಕೊಂಡಿರಾದರೆ ಮೇಲಿನ ಮಂಜುಗಡ್ಡೆಯ ಖಾನೆಯಲ್ಲಿಟ್ಟು, ಬೇಕಾದಷ್ಟನ್ನು ತೆಗೆದು ಕಾವಲಿಯ ಮೇಲೆ ಬಿಸಿ ಮಾಡಿ.

ಬಾಯಿಬಿಟ್ಟು ಕೇಳಬೇಕೆಂಬ ಈ ಪಾಠವನ್ನು ನಾನು ಕಲಿತದ್ದು ತರಬೇತಿ ಕೇಂದ್ರದಲ್ಲಿ ಎಂದು ಹೇಳಿದರೆ ಸುಳ್ಳಾಗುತ್ತದೆ. ನನಗೆ ಇದನ್ನು ಕಲಿಸಿದ್ದು ಮುಂಡಗೋಡಿನ ಟಿಬೆಟಿಯನ್ ಕಾಲನಿಯ ಒಬ್ಬ ಅಜ್ಜಿ. 1966ರಲ್ಲಿ ಆರಂಭವಾದ ಆ ನೆಲೆಯನ್ನು ನಿಮ್ಮಲ್ಲಿ ಅನೇಕರು ನೋಡಿದ್ದೀರಿ. ಗಾಂದೆನ್ ಮತ್ತು ದ್ರೆಪುಂಗ್ ಮಠಗಳ ಚಿನ್ನದ ಬಣ್ಣದ ಮಾಡುಗಳನ್ನು ಕಂಡು, ಮೊಮೊ ತಿಂದು, ಫೋಟೊ ತೆಗೆಸಿಕೊಂಡು ಬಂದಿದ್ದೀರಿ. ಅಲ್ಲಿಯ ಬ್ರೆಡ್ಡನ್ನು ತಿಂದವರು ಕಡಿಮೆ. ಟಿಬೆಟನ್ನರು ರೊಟ್ಟಿಗೆ ಬಾಲೆಪ್ ಎನ್ನುತ್ತಾರೆ. ಒಳಗೆ ಮಾಂಸ ತುಂಬಿ ಕರಿದರೆ ಅದು ಶಾಬಾಲೆ, ಪದರ ಪದರವಾಗಿ ಸುತ್ತಿ ಹಬೆಯಲ್ಲಿ ಬೇಯಿಸಿದರೆ ತಿಂಗ್ಮೊ, ಲೋಸಾರ್ ಎಂಬ ಹೊಸವರ್ಷದ ಹಬ್ಬಕ್ಕೆ ಹಿಟ್ಟನ್ನು ತಿರುಚಿ ಕರಿದರೆ ಖಪ್ಸೆ. ಇವೆಲ್ಲಕ್ಕಿಂತ ನನ್ನ ಮನಸ್ಸು ಸೋತದ್ದು ಅಮ್ದೊ ಪ್ರಾಂತದ ಹೆಸರಿನ, ದುಂಡಗಿನ, ದಪ್ಪ ತೊಗಟೆಯ ಬಾಲೆಪ್‌ಗೆ.

ಕಾರವಾರದಿಂದ ಬೆಳಿಗ್ಗೆ ಹೊರಟು, ಅಂಕೋಲೆ ದಾಟಿ, ಅರಬೈಲ್ ಘಟ್ಟ ಹತ್ತಿ, ಯಲ್ಲಾಪುರದಲ್ಲಿ ಬಸ್ಸು ಬದಲಿಸಿ ನಾನು ಆ ಅಜ್ಜಿಯ ಅಂಗಡಿಯನ್ನು ಮುಟ್ಟುವಾಗ ಮಧ್ಯಾಹ್ನ ಒಂದು ಗಂಟೆ ದಾಟಿತ್ತು. ಅಂಗಡಿ ಎಂದರೆ ಒಂದು ಬಾಗಿಲಿನಷ್ಟೇ ಅಗಲ. ಮುಂದೆ ಒಂದು ಬೆಂಚು, ಒಳಗೆ ಬಿಳಿ ಬಟ್ಟೆ ಮುಚ್ಚಿದ ಎರಡು ಬುಟ್ಟಿ, ಅವುಗಳ ಹಿಂದೆ ಪಟ್ಟೆಪಟ್ಟೆಯ ಮುಂಗವಸ ತೊಟ್ಟು ಜಪಮಾಲೆ ಹಿಡಿದ ಅಜ್ಜಿ. ನಾನು ಬೇಕರಿಯ ಮೇಷ್ಟ್ರ ಗತ್ತಿನಲ್ಲಿ ಬಟ್ಟೆ ಸರಿಸಿ, ಒಂದು ಬಾಲೆಪ್‌ಅನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದೆ. ಅಜ್ಜಿ ಜಪ ನಿಲ್ಲಿಸಿ ನನ್ನ ಬೆರಳನ್ನೇ ನೋಡಿದಳು. ಆಮೇಲೆ ಅಪ್ಪಟ ಮುಂಡಗೋಡಿನ ಕನ್ನಡದಲ್ಲಿ, “ಒತ್ತಬ್ಯಾಡ್ರಿ. ಬಾಯಿಲೆ ಕೇಳ್ರಿ” ಎಂದಳು.

ನಾಚಿಕೆಯಾಯಿತು. ಕೇಳಿದೆ. ಅದು ನಿನ್ನೆಯದು, ಇವತ್ತಿನದು ಮೂರು ಗಂಟೆಗೆ ಬರುತ್ತದೆ, ಚಹಾದಲ್ಲಿ ಅದ್ದಿ ತಿನ್ನುವುದಿದ್ದರೆ ನಿನ್ನೆಯದನ್ನು ಒಯ್ಯಿರಿ, ಹಾಗೆಯೇ ತಿನ್ನುವುದಿದ್ದರೆ ಕುಳಿತುಕೊಳ್ಳಿ ಎಂದಳು. ಮಾರುವವರೇ ಇದು ನಿನ್ನೆಯದೆಂದು ಹೇಳಿ ಗಿರಾಕಿಯನ್ನು ಕೂರಿಸಿದ್ದನ್ನು ನಾನು ಅದುವರೆಗೆ ಎಲ್ಲಿಯೂ ಕಂಡಿರಲಿಲ್ಲ. ನಾನು ಬೆಂಚಿನ ಮೇಲೆ ಕುಳಿತೆ. ಬರೀ ಬ್ರೆಡ್ಡಿಗಾಗಿ ಸುಮಾರು ಎರಡು ಗಂಟೆ ಕುಳಿತೆನೆಂದರೆ ಮನೆಯಲ್ಲಿ ಇಂದಿಗೂ ನಗುತ್ತಾರೆ.

ಆ ಎರಡು ಗಂಟೆಗಳಲ್ಲಿ ಬಂದ ಗ್ರಾಹಕರನ್ನು ನಾನು ಮರೆಯಲಾರೆ. ಕೆಂಪು ವಸ್ತ್ರದ ಇಬ್ಬರು ಹುಡುಗ ಸನ್ಯಾಸಿಗಳು ಬಂದು, ‘ಅಮಾ-ಲಾ’ ಎಂದು ಕರೆದು ಏನೋ ಒಂದೇ ಮಾತು ಕೇಳಿದರು. ಅಜ್ಜಿ ಮೂರು ಬೆರಳು ತೋರಿಸಿದಳು. ಅವರು ತಲೆಯಾಡಿಸಿ ಹೊರಟುಹೋದರು. ವಯಸ್ಸಾದ ಇನ್ನೊಬ್ಬ ಸನ್ಯಾಸಿ ಬಂದವನು ಬೇಕೆಂದೇ ನಿನ್ನೆಯದನ್ನು ಆರಿಸಿಕೊಂಡ. ಬೆಣ್ಣೆ, ಉಪ್ಪು ಹಾಕಿದ ಅವರ ಚಹಾದಲ್ಲಿ ಹೊಸ ಬ್ರೆಡ್ಡು ಕರಗಿಹೋಗುತ್ತದೆ, ಹಳೆಯದು ನಿಲ್ಲುತ್ತದೆ ಎಂದು ಅಜ್ಜಿ ನನಗೆ ವಿವರಿಸಿದಳು. ಪಕ್ಕದ ಹಳ್ಳಿಯ ರೈತನೊಬ್ಬ ಗೋವಿನಜೋಳದ ಚೀಲವನ್ನು ಸೈಕಲ್ಲಿನ ಮೇಲಿಟ್ಟುಕೊಂಡೇ ನಿಂತು, “ಯಾವತ್ತಿಂದು?” ಎಂದು ಕೇಳಿ, ನಿನ್ನೆಯದಕ್ಕೆ ಒಂದಿಷ್ಟು ಕಡಿಮೆ ಹಣ ಕೊಟ್ಟು ಮಕ್ಕಳಿಗೆಂದು ಕಟ್ಟಿಸಿಕೊಂಡ. ಎರಡೂವರೆಯ ಸುಮಾರಿಗೆ ಕಾರಿನಲ್ಲಿ ಪೇಟೆಯ ಕಡೆಯ ಒಂದು ಕುಟುಂಬ ಬಂತು. ಅವರು ಏನನ್ನೂ ಕೇಳಲಿಲ್ಲ. ಬುಟ್ಟಿಯ ಫೋಟೊ ತೆಗೆದರು, ಒಂದನ್ನು ಕೊಂಡು ಅಲ್ಲಿಯೇ ಮುರಿದರು, ಗಟ್ಟಿ ಎಂದರು, ಸಿಹಿಯೇ ಇಲ್ಲ ಎಂದರು, ಅಯ್ಯಂಗಾರ್ ಬೇಕರಿಯ ಬ್ರೆಡ್ಡಿನ ಹಾಗಿಲ್ಲ ಎಂದು ಅಜ್ಜಿಗೆ ಕೇಳುವಂತೆಯೇ ಹೇಳಿದರು. ಅಯ್ಯಂಗಾರ್ ಬೇಕರಿಯ ಬ್ರೆಡ್ಡು ಅಯ್ಯಂಗಾರ್ ಬೇಕರಿಯಲ್ಲಿ ಸಿಗುತ್ತದೆ, ಅದಕ್ಕೆ ಘಟ್ಟದ ತಿರುವುಗಳನ್ನು ಸುತ್ತಿ ಇಲ್ಲಿಗೆ ಬರಬೇಕಾಗಿರಲಿಲ್ಲ ಎಂಬ ಮಾತು ನನ್ನ ನಾಲಿಗೆಯ ತುದಿಯವರೆಗೆ ಬಂದಿತ್ತು. ಅವರು ಹೊರಟದ್ದು ಮೂರಕ್ಕೆ ಹತ್ತು ನಿಮಿಷ ಇರುವಾಗ. ಹತ್ತೇ ನಿಮಿಷ!

ಮೂರು ಗಂಟೆಗೆ ಹಿಂದಿನ ಕೋಣೆಯಿಂದ ಬಂದ ಪರಿಮಳವನ್ನು ಬಾನುಲಿಯಲ್ಲಿ ಕಳಿಸುವ ಉಪಾಯ ಇನ್ನೂ ಯಾರಿಗೂ ಗೊತ್ತಿಲ್ಲವಲ್ಲ ಎಂಬುದೇ ನನ್ನ ದುಃಖ. ಬಾಗಿಲಲ್ಲಿ ಆಗಲೇ ಹನ್ನೆರಡು ಹದಿಮೂರು ಜನ ಸೇರಿದ್ದರು. ಮೂರು ಬೆರಳು ನೋಡಿ ಹೋಗಿದ್ದ ಹುಡುಗರೂ ಇದ್ದರು. ನಾನು ಕೈ ಚಾಚಿದೆ. ಅಜ್ಜಿ ಕೊಡಲಿಲ್ಲ. “ಆರ್ಲಿ” ಎಂದಳು. ಒಳಗಿನ ತಿರುಳು ಭಟ್ಟಿಯಿಂದ ಬರುವಾಗ ನೂರು ಡಿಗ್ರಿಯ ಸಮೀಪದ ಬಿಸಿಯಲ್ಲಿರುತ್ತದೆ, ಆರುವ ಮೊದಲು ಮುರಿದರೆ ಹಸಿ ಹಿಟ್ಟಿನಂತೆ ಅಂಟುತ್ತದೆ ಎಂದು ಎಷ್ಟೋ ತರಗತಿಗಳಲ್ಲಿ ಹೇಳಿದವನು ನಾನು. ಅದನ್ನು ನನಗೇ ಹೇಳಿಸಿಕೊಳ್ಳಬೇಕಾಯಿತು. ಮತ್ತೆ ಇಪ್ಪತ್ತು ನಿಮಿಷ ಕುಳಿತೆ. ಆಮೇಲೆ ಸಿಕ್ಕಿದ ಆ ಬಾಲೆಪ್‌ನಲ್ಲಿ ಸಕ್ಕರೆ ಇರಲಿಲ್ಲ, ಬಣ್ಣ ಇರಲಿಲ್ಲ, ಗೋಧಿಯ ರುಚಿ ಇತ್ತು. ಎರಡನ್ನು ಅಲ್ಲಿಯೇ ತಿಂದು ನಾಲ್ಕನ್ನು ಕಟ್ಟಿಸಿಕೊಂಡೆ. ಬಸ್ಸಿನಲ್ಲಿ ಪಕ್ಕದವರು ಕೇಳಿದ್ದಕ್ಕೆ ಒಂದನ್ನು ಕೊಟ್ಟೆ, ಆಮೇಲೆ ಪಶ್ಚಾತ್ತಾಪಪಟ್ಟೆ.

ನನಗೆ ಕೊಟ್ಟ ಸಮಯದ ಬಹುಪಾಲು ಮುಂಡಗೋಡಿನಲ್ಲಿಯೇ ಮುಗಿದಂತೆ ಕಾಣುತ್ತದೆ; ಗಾಜಿನ ಆಚೆ ಕುಳಿತವರು ಗಡಿಯಾರದ ಕಡೆ ನೋಡುತ್ತಿದ್ದಾರೆ. ಆದರೂ ಜಪಾನಿನ ಮಾತೊಂದನ್ನು ಬಿಡುವ ಹಾಗಿಲ್ಲ. ನಾವು ಪಾವ್ ಎನ್ನುವುದು ಪೋರ್ಚುಗೀಸರ ಮಾತು. 1510ರಲ್ಲಿ ಗೋವೆಯನ್ನು ಹಿಡಿದ ಅವರಿಂದ ಅದು ಕಾಳಿ ನದಿಯನ್ನು ದಾಟಿ ನಮ್ಮ ಓಣಿಗಳಿಗೂ ಬಂತು. ಅದೇ ಪೋರ್ಚುಗೀಸರು 1543ರಲ್ಲಿ ಜಪಾನನ್ನು ಮುಟ್ಟಿದರು. ಅಲ್ಲಿ ಬ್ರೆಡ್ಡಿಗೆ ಇಂದಿಗೂ ಪಾನ್ ಎನ್ನುತ್ತಾರೆ. ಪಾವ್, ಪಾನ್ ಎರಡೂ ಒಂದೇ ತಾಯಿಯ ಮಕ್ಕಳು. ಗೋವೆಯ ಪೊದೆರರು, ಅಂದರೆ ಬೇಕರಿಯವರು, ಹಿಂದೆ ಹಿಟ್ಟನ್ನು ಹುದುಗಿಸಿದ್ದು ತೆಂಗಿನ ಕಳ್ಳಾದ ಸೂರ್‌ನಿಂದ. ತೋಕಿಯೊದ ಕಿಮುರಾಯ ಎಂಬ ಬೇಕರಿ 1874ರಲ್ಲಿ ಹಿಟ್ಟು ಹುದುಗಿಸಿದ್ದು ಅಕ್ಕಿಯ ಮದ್ಯದ ಹುಳಿಯಿಂದ. ಅದರೊಳಗೆ ಅವರು ತುಂಬಿದ್ದು ಸಿಹಿ ಮಾಡಿದ ಕೆಂಪು ಕಾಳಿನ ಹೂರಣ. ಹೋಳಿಗೆಯ ಹೂರಣವನ್ನು ಬನ್ನಿನೊಳಗೆ ಇಟ್ಟರೆ ಹೇಗೋ ಹಾಗೆ. ಅದರ ಹೆಸರು ಆನ್‌ಪಾನ್. ಬ್ರೆಡ್ಡು ಹೆಚ್ಚು ಹೊತ್ತು ಮೆತ್ತಗಿರಲೆಂದು ಜಪಾನೀಯರು ಸ್ವಲ್ಪ ಹಿಟ್ಟನ್ನು ಮೊದಲೇ ಕುದಿಯುವ ನೀರಿನಲ್ಲಿ ಕಲಸಿಡುತ್ತಾರೆ, ಚೀನೀಯರು ಅದನ್ನು ಗಂಜಿಯ ಹಾಗೆ ಕಾಯಿಸಿಕೊಳ್ಳುತ್ತಾರೆ. ಅಕ್ಕಿ ರೊಟ್ಟಿಗೆ ಹಿಟ್ಟು ಉಕ್ಕರಿಸುವ ನಮ್ಮ ತಾಯಂದಿರಿಗೆ ಇದರಲ್ಲಿ ಹೊಸದೇನೂ ಕಾಣಲಾರದು. ನಾನು ಹೇಳಹೊರಟದ್ದು ಬೇರೆ. ಜಪಾನಿನ ಅನೇಕ ಪುಟ್ಟ ಬೇಕರಿಗಳಲ್ಲಿ ಯಾವ ಬ್ರೆಡ್ಡು ಎಷ್ಟು ಗಂಟೆಗೆ ಭಟ್ಟಿಯಿಂದ ಬರುತ್ತದೆ ಎಂದು ಫಲಕದ ಮೇಲೆ ಬರೆದಿಡುತ್ತಾರೆ. ಗ್ರಾಹಕರು ತಟ್ಟೆ ಮತ್ತು ಚಿಮಟ ಹಿಡಿದು ತಮಗೆ ಬೇಕಾದ್ದನ್ನು ತಾವೇ ಎತ್ತಿಕೊಳ್ಳುತ್ತಾರೆ. ಹೆಬ್ಬೆರಳಿಗೆ ಅಲ್ಲಿ ಕೆಲಸವಿಲ್ಲ. ಒಂದು ಕಪ್ಪು ಹಲಗೆ, ಒಂದು ಸೀಮೆಸುಣ್ಣ. ಇಷ್ಟು ಖರ್ಚು ನಮ್ಮ ಹೊನ್ನಾವರ, ಕುಮಟೆಯ ಬೇಕರಿಗಳಿಗೆ ಭಾರವಾಗಲಾರದು. ನೀವು ದಿನಾಲೂ ಕೇಳುತ್ತಿದ್ದರೆ ಉತ್ತರ ಹೇಳಿ ಹೇಳಿ ಬೇಸತ್ತಾದರೂ ಅವರು ಬರೆದಿಡುತ್ತಾರೆ.

ಇನ್ನು ಉಳಿದವನ್ನು ಓಡುತ್ತ ಹೇಳುತ್ತೇನೆ. ಮಳೆಗಾಲದಲ್ಲಿ ಖಾರಿ ಮೆತ್ತಗಾದರೆ ಅಂಗಡಿಯವನನ್ನು ಬೈಯಬೇಡಿ. ಶಿರಸಿಯ ಕಡೆಯವರು ತೊಡದೇವು ಎಂಬ ಕಾಗದದಂಥ ತೆಳು ಸಿಹಿತಿಂಡಿಯನ್ನು ಹೇಗೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಡುತ್ತಾರೋ ಹಾಗೆ ಇಡಿ. ಬಿಸಿ ಬ್ರೆಡ್ಡನ್ನು ಕೊಯ್ದು ಕೊಡಿ ಎಂದು ಹಟ ಹಿಡಿಯಬೇಡಿ. ಮೊಟ್ಟೆ ತಿನ್ನದವರು ಪೊಟ್ಟಣದ ಮೇಲಿನ ಹಸಿರು ಚುಕ್ಕೆಯನ್ನು ನೋಡಿ, ಬಿಡಿಯಾಗಿ ಮಾರುವುದಕ್ಕೆ ಚುಕ್ಕೆ ಇರುವುದಿಲ್ಲವಾದ್ದರಿಂದ ಅದನ್ನೂ ಬಾಯಲ್ಲಿಯೇ ಕೇಳಿ. ಬ್ರೆಡ್ಡಿಗೆ ಪೊಟ್ಯಾಸಿಯಂ ಬ್ರೋಮೇಟ್ ಎಂಬ ರಾಸಾಯನಿಕವನ್ನು ಹಾಕುವುದು ನಮ್ಮ ದೇಶದಲ್ಲಿ 2016ರಲ್ಲಿಯೇ ನಿಷೇಧವಾಗಿದೆ. ಬಿಡಿ ಸಿಹಿತಿಂಡಿಗಳ ತಟ್ಟೆಯ ಮುಂದೆ ಯಾವ ದಿನದೊಳಗೆ ತಿನ್ನಬೇಕೆಂದು ಬರೆದಿಡುವುದು 2020ರ ಅಕ್ಟೋಬರ್ 1ರಿಂದ ಕಡ್ಡಾಯ. ಬಿಡಿ ಬನ್ನಿಗೆ ಗಂಟೆ ಬರೆಯಬೇಕೆಂಬ ಕಾನೂನು ಇಲ್ಲ, ಆದ್ದರಿಂದ ನೀವೇ ಕೇಳಬೇಕು, ಭಟ್ಟಿಯಿಂದ ಬಂದದ್ದು ಎಷ್ಟು ಗಂಟೆಗೆ ಎಂದು.

ಇಂದು ಬೆಳಿಗ್ಗೆ ಈ ಭಾಷಣಕ್ಕೆ ಹೊರಡುವ ಮೊದಲು ನಮ್ಮ ಓಣಿಯಲ್ಲಿ ಪಾವಿನವನ ಸೈಕಲ್ಲಿನ ಹಾರ್ನ್ ಕೇಳಿಸಿತು. ಹೊರಗೆ ಹೋಗಿ, ಎಷ್ಟು ಗಂಟೆಯದು ಎಂದು ಕೇಳಿದೆ. “ನಾಲ್ಕೂವರೆಯದು ಸರ್. ನಿನ್ನೆಯೂ ನಾಲ್ಕೂವರೆಯದೇ, ಮೊನ್ನೆಯೂ ನಾಲ್ಕೂವರೆಯದೇ. ಎಷ್ಟು ಕೊಡಲಿ, ಅದನ್ನು ಹೇಳಿ” ಎಂದ. ಆರು ತೆಗೆದುಕೊಂಡೆ. ನಮಸ್ಕಾರ.