ಮಳೆಯೂರಿನಲ್ಲಿ ಗಿಟಾರ್ ಕಟ್ಟುವ ಕೆಲಸ

ಎಲ್ಲರಿಗೂ ನಮಸ್ಕಾರ. ಗಿಟಾರ್ ಮಾಡುತ್ತೇನೆ ಅಂದರೆ ಸಾಕು, ಮಡಿಕೇರಿಯಲ್ಲಿ ಎಲ್ಲರೂ ಹೇಳುವುದು ಒಂದೇ ಮಾತು. "ನಿಮಗೇನು ಬಿಡಿ, ತೋಟದಲ್ಲೇ ಬೀಟೆ ಇದೆಯಲ್ಲ!" ಇದೆ, ನಿಜ. ಮೈತುಂಬ ಮೆಣಸಿನ ಬಳ್ಳಿ ಹಬ್ಬಿಸಿಕೊಂಡು ಕಾಫಿಗೆ ನೆರಳು ಕೊಡುತ್ತಾ ನಿಂತಿದೆ. ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ಹಾಗಾಗಿ ನಾನೂ ಕಾಗದಪತ್ರ ಸರಿಯಿರುವ ಮರವನ್ನು ದುಡ್ಡು ಕೊಟ್ಟೇ ತರುತ್ತೇನೆ.

ಗಿಟಾರಿನ ಬೆನ್ನಿಗೂ ಪಕ್ಕಗಳಿಗೂ ಬೀಟೆಯನ್ನು ಜಗತ್ತಿನೆಲ್ಲೆಡೆ ಬಳಸುತ್ತಾರೆ. ಇದರ ಬಂಧು ಮರವೊಂದು ಬ್ರೆಜಿಲ್‌ನಲ್ಲಿದೆ. ಅದರ ವ್ಯಾಪಾರಕ್ಕೆ ಸೈಟಿಸ್ ಒಪ್ಪಂದ (ಅಳಿವಿನಂಚಿನ ಗಿಡಮರ, ಪ್ರಾಣಿಗಳ ವ್ಯಾಪಾರಕ್ಕೆ ದೇಶಗಳು ಮಾಡಿಕೊಂಡಿರುವ ಕಟ್ಟುಪಾಡು) 1992ರಲ್ಲಿ ಕಡಿವಾಣ ಹಾಕಿದ ಮೇಲಂತೂ ನಮ್ಮ ಬೀಟೆಗೆ ಬೇಡಿಕೆ ಜಾಸ್ತಿ.

ಆದರೆ ನಾದಕ್ಕೆ ಮುಖ್ಯವಾದದ್ದು ಬೀಟೆಯಲ್ಲ, ತಂತಿಗಳ ಕೆಳಗಿರುವ ಮುಂದಿನ ಹಲಗೆ. ಸ್ಪೇನಿನ ಗಿಟಾರ್ ತಯಾರಕ ಅಂತೋನಿಯೊ ದೆ ತೋರ್ರೆಸ್ 1862ರಲ್ಲಿ ಬೆನ್ನು, ಪಕ್ಕ ಎರಡನ್ನೂ ಕಾಗದದ ರಟ್ಟಿನಲ್ಲಿ ಮಾಡಿ ಇದನ್ನೇ ತೋರಿಸಿದ. ಆ ಗಿಟಾರ್ ಈಗಲೂ ಬಾರ್ಸಿಲೋನಾದ ಸಂಗೀತ ಸಂಗ್ರಹಾಲಯದಲ್ಲಿದೆ. ಬೀಟೆ ಬೀಟೆ ಅಂತ ಜಂಬ ಕೊಚ್ಚುವ ನಮ್ಮೂರಿನವರು ಒಮ್ಮೆ ಅದನ್ನು ನೋಡಬೇಕು!

ಮುಂದಿನ ಹಲಗೆ ಸ್ಪ್ರೂಸ್ ಅಥವಾ ಸೀಡರ್ ಮರದ್ದು. ಹೊರದೇಶದಿಂದಲೇ ಬರಬೇಕು. ತೋಪಡ ಹಿಡಿದು ಕೆತ್ತಿ ಕೆತ್ತಿ ಎರಡೂವರೆ ಮಿಲಿಮೀಟರ್‌ಗೂ ಕಡಿಮೆ ಮಾಡುತ್ತೇವೆ. ಒಳಗಡೆ ಬೀಸಣಿಗೆಯ ಹಾಗೆ ಸಣ್ಣ ಪಟ್ಟಿಗಳು, ಸಾಮಾನ್ಯವಾಗಿ ಏಳು. ಹಲಗೆಯ ದುಂಡು ತೂತಿನ ಮೇಲೂ ಕೆಳಗೂ ಅಡ್ಡಪಟ್ಟಿಗಳು. ನಮ್ಮ ತಲೆನೋವು ಶುರುವಾಗುವುದೇ ಇಲ್ಲಿ. ಮರ ಉದ್ದಕ್ಕೆ ಹೆಚ್ಚುಕಡಿಮೆ ಅಲುಗುವುದಿಲ್ಲ. ಅಗಲಕ್ಕೆ ಮಾತ್ರ ತೇವ ಕುಡಿದರೆ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ. ಜುಲೈ ತಿಂಗಳಲ್ಲಿ ಹಿಗ್ಗಿದ ಹಲಗೆಗೆ ಅಡ್ಡಪಟ್ಟಿ ಅಂಟಿಸಿದೆವು ಅಂತಿಟ್ಟುಕೊಳ್ಳಿ. ಆ ಗಿಟಾರ್ ಮಾರ್ಚ್‌ನಲ್ಲಿ ಕಲಬುರಗಿಗೆ ಹೋಗುತ್ತದೆ. ಹಲಗೆ ಕುಗ್ಗಲು ನೋಡುತ್ತದೆ, ಅಡ್ಡಪಟ್ಟಿ ಬಿಡುವುದಿಲ್ಲ. ಕೊನೆಗೆ ಮರದ ಎಳೆಯ ಗುಂಟ ಸೀಳು ಬೀಳುತ್ತದೆ. ಒಣ ಹವೆಯಲ್ಲಿ ಅಂಟಿಸಿದ್ದು ಮಳೆಗೆ ಸಿಕ್ಕರೆ ಹೊಟ್ಟೆ ಸ್ವಲ್ಪ ಉಬ್ಬಬಹುದು, ಅಷ್ಟೇ. ಸೀಳಿಗಿಂತ ಉಬ್ಬು ವಾಸಿ ಅಲ್ವಾ? ಅದಕ್ಕೇ ಕೋಣೆಯ ತೇವಾಂಶ ಶೇ 45ರಿಂದ 50ರ ಒಳಗೆ ಇದ್ದಾಗಲೇ ಅಂಟಿನ ಕೆಲಸ.

ಹಾಗಾಗಿ ನಮ್ಮ ಕ್ಯಾಲೆಂಡರ್ ಕಾಫಿಯವರದ್ದೇ. ಕಣದಲ್ಲಿ ಕಾಫಿ ಒಣಗುವ ದಿನಗಳಲ್ಲಿ ನಾವು ಹಲಗೆ ಅಂಟಿಸುತ್ತೇವೆ, ಪಾಲಿಶ್ ಹಾಕುತ್ತೇವೆ. ಪಾಲಿಶ್ ಅಂದರೆ ಶೆಲ್ಯಾಕ್, ನಮ್ಮ ಅರಗಿನಿಂದ ತೆಗೆದದ್ದು. ಸ್ಪಿರಿಟ್‌ನಲ್ಲಿ ಕರಗಿಸಿ, ಬಟ್ಟೆಯುಂಡೆಯಲ್ಲಿ ತೆಳುವಾಗಿ ಉಜ್ಜುತ್ತಾ ಹೋಗಬೇಕು. ಮಳೆಗಾಲದಲ್ಲಿ ಹಚ್ಚಿದರೆ ಬೆಳ್ಳಗೆ ಮಂಜು ಕಟ್ಟುತ್ತದೆ.

ಮಳೆಗಾಲಕ್ಕೆ ಕುತ್ತಿಗೆ ಕೆತ್ತುವುದು, ಫ್ರೆಟ್‌ಗೆ, ಅಂದರೆ ಕುತ್ತಿಗೆಯ ಮೇಲಿನ ಲೋಹದ ಅಡ್ಡಗೆರೆಗಳಿಗೆ, ಗೀರು ಕೊಯ್ಯುವುದು. 650 ಮಿಲಿಮೀಟರ್ ತಂತಿಯನ್ನು 17.817ರಿಂದ ಭಾಗಿಸಿದರೆ ಸುಮಾರು 36.5. ತಲೆಯ ಕಡೆಯ ತುದಿಯಿಂದ ಅಷ್ಟು ದೂರಕ್ಕೆ ಮೊದಲ ಫ್ರೆಟ್. ಉಳಿದ ಉದ್ದವನ್ನು ಮತ್ತೆ ಹಾಗೇ ಭಾಗಿಸಬೇಕು. ಹೀಗೆ 19 ಫ್ರೆಟ್.

ತೇವ ಹೀರುವ ಯಂತ್ರ ಇಲ್ಲವೇ ಅಂತ ಕೇಳುತ್ತೀರಿ. ಇದೆ. ಆದರೆ ಗಾಳಿಗೆ ಮರ ಬಿದ್ದು ಕರೆಂಟ್ ಹೋದರೆ ಅದು ಸುಮ್ನೆ ಒಂದು ಪೆಟ್ಟಿಗೆ. ಆಗ ಹಲಗೆಗಳನ್ನು ತೇವ ಹೀರುವ ಸಿಲಿಕಾ ಜೆಲ್ ಹರಳುಗಳ ಜೊತೆ ಪ್ಲಾಸ್ಟಿಕ್‌ನಲ್ಲಿ ಕಟ್ಟಿಟ್ಟು ಕೆಇಬಿಯವರ ದಾರಿ ಕಾಯುತ್ತೇವೆ.

ನಿಮ್ಮಲ್ಲಿ ಗಿಟಾರ್ ಇರುವವರಿಗೆ ಒಂದು ಮಾತು. ಜೂನ್ ಬಂತೆಂದರೆ ಹೊರಗೋಡೆಗೆ ತೂಗುಹಾಕಬೇಡಿ, ಗಟ್ಟಿ ಪೆಟ್ಟಿಗೆಯಲ್ಲಿಡಿ. ಬೆಚ್ಚಗಿರಲಿ ಅಂತ ಒಲೆಯ ಹತ್ತಿರ ಮಾತ್ರ ಇಡಬೇಡಿ. ಸೇತುವೆ (ಹಲಗೆಯ ಮೇಲೆ ತಂತಿ ಕಟ್ಟುವ ಮರದ ತುಂಡು) ಕಿತ್ತು ಬಂದ ಗಿಟಾರುಗಳು ಈಗಾಗಲೇ ನನ್ನ ಬೆಂಚಿನ ಮೇಲೆ ಸಾಕಷ್ಟಿವೆ.