‘ನಾಳೆ ಶಾಲೆಗೆ ರಜೆಯಂತೆ!’

ಕೇಳುಗರಿಗೆ ನಮಸ್ಕಾರ.

ಮುಂಬೈಯಲ್ಲಿ ಮಳೆ ಜೋರು ಹಿಡಿಯಿತೆಂದರೆ ಲೋಕಲ್ ನಿಲ್ಲುತ್ತದೆ, ಫಾರ್ವರ್ಡ್‌ಗಳು ಓಡುತ್ತವೆ. ‘ನಾಳೆ ಎಲ್ಲ ಶಾಲೆಗಳಿಗೆ ರಜೆ’ ಎಂಬ ಪತ್ರ ಬರುತ್ತದೆ. ಕೆಳಗೆ ಸಹಿ, ಮೊಹರು ಎಲ್ಲ ಇರುತ್ತದೆ. ಮಕ್ಕಳಿಗೆ ಅದು ನಿಜ ಆಗಿರಬೇಕು ಅಂತಲೇ ಆಸೆ, ಅಲ್ವಾ? ಬೇಕಾದ ಸುದ್ದಿಯನ್ನು ಯಾರೂ ಜಾಸ್ತಿ ಕೆದಕುವುದಿಲ್ಲ. ಸುಳ್ಳು ಸುದ್ದಿ ಗುರುತಿಸುವುದನ್ನು ಮಕ್ಕಳಿಗೆ ಕಲಿಸುವ ಪಾಠ ಶುರು ಮಾಡಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಕಾಣುವುದಿಲ್ಲ.

ಪತ್ರವನ್ನು ಮಕ್ಕಳ ಜೊತೆ ಕೂತು ಓದಿ. ತಾರೀಖು ಯಾವುದು? ಹೊರಡಿಸಿದವರು ಯಾರು? ಮುಂಬೈ ಮಹಾನಗರಪಾಲಿಕೆಯ, ಅಂದರೆ ಬಿಎಂಸಿಯ ಸ್ವಂತ ಖಾತೆಯಲ್ಲಿ ಅದು ಇದೆಯಾ? ಪತ್ರ ಅಸಲಿಯೇ ಇರಬಹುದು, ಆದರೆ ಹೋದ ವರ್ಷದ್ದು. ಅಥವಾ ಇವತ್ತಿನದೇ, ಆದರೆ ನಿಮ್ಮೂರಿನದ್ದಲ್ಲ. ಮುಂಬೈ ಪಕ್ಕದ ಡೊಂಬಿವಲಿಯಲ್ಲಿ ನಮ್ಮ ಕನ್ನಡದವರು ಎಷ್ಟು ಜನ ಇದ್ದಾರೆ! ಅಲ್ಲಿ ಬೇರೆಯದೇ ಮಹಾನಗರಪಾಲಿಕೆ. ಬಿಎಂಸಿಯ ರಜೆ ಅಲ್ಲಿಗೆ ಅನ್ವಯಿಸುವುದಿಲ್ಲ. ಸುಳ್ಳು ಸುದ್ದಿ ಅಂದರೆ ಪೂರ್ತಿ ಕಟ್ಟುಕತೆಯೇ ಆಗಬೇಕಿಲ್ಲ ಎಂದು ಮಕ್ಕಳಿಗೆ ಇಲ್ಲಿ ತಾನಾಗಿ ತಿಳಿಯುತ್ತದೆ.

ಪ್ರವಾಹದ ಚಿತ್ರಗಳದ್ದೂ ಇದೇ ಕತೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ಅಂಥ ದಿನದ ಹಳೆಯ ಚಿತ್ರಕ್ಕೆ ‘ಈಗಷ್ಟೇ’ ಎಂದು ಬರೆದು ಹರಿಬಿಡುವುದು ಸುಲಭ. ಊರಿನಿಂದ ಅಜ್ಜಿ ಗಾಬರಿಯಾಗಿ ಫೋನ್ ಮಾಡುತ್ತಾರೆ. ಗೂಗಲ್ ಲೆನ್ಸ್‌ನಲ್ಲಿ ಚಿತ್ರ ಹಾಕಿದರೆ ಅದು ಮೊದಲು ಎಲ್ಲೆಲ್ಲಿ ಬಂದಿತ್ತು ಎಂದು ಬಹಳ ಸಲ ಸಿಗುತ್ತದೆ. ವಿಡಿಯೋ ಆದರೆ ಒಂದು ಸ್ಕ್ರೀನ್‌ಶಾಟ್ ತೆಗೆದು ಹುಡುಕಬೇಕು. ವಾಟ್ಸಾಪ್‌ನಲ್ಲಿ ಜೋಡಿ ಬಾಣದ ಗುರುತು ಕಂಡರೆ ಆ ಸಂದೇಶ ಕನಿಷ್ಠ ಐದು ಕೈ ದಾಟಿ ಬಂದಿದೆ ಎಂದರ್ಥ. ಇದೆಲ್ಲ ಹದಿಹರೆಯದವರಿಗೆ ನಮಗಿಂತ ಬೇಗ ಬರುತ್ತದೆ ಬಿಡಿ.

ಇದಕ್ಕೆಲ್ಲ ಯಾಕಿಷ್ಟು ತಲೆ ಕೆಡಿಸಿಕೊಳ್ಳಬೇಕು ಎಂದು ಅವರು ಕೇಳಿದರೆ, ಮಹಾರಾಷ್ಟ್ರದ ಧುಳೆ ಜಿಲ್ಲೆಯ ರೈನ್‌ಪಾಡಾದ ಬಗ್ಗೆ ಹೇಳಿ. ಮುಚ್ಚಿಡಬೇಡಿ. 2018ರ ಜುಲೈ 1ರಂದು, ಮಕ್ಕಳ ಕಳ್ಳರು ಎಂಬ ವದಂತಿ ನಂಬಿದ ಜನ ಅಲೆಮಾರಿ ಸಮುದಾಯದ ಐವರನ್ನು ಅಲ್ಲಿ ಹೊಡೆದು ಕೊಂದರು. ಅದೇ ತಿಂಗಳು ವಾಟ್ಸಾಪ್, ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಕಳಿಸಬಹುದು ಎಂಬ ಮಿತಿ ತಂದಿತು.

ಸುಳ್ಳು ಅಂತ ಗೊತ್ತಾದ ಮೇಲೆ ಅದನ್ನು ಹೇಳುವುದು ಹೇಗೆ? ನನ್ನ ಪ್ರಕಾರ ಕಷ್ಟ ಇರುವುದು ಇಲ್ಲೇ. ಮನೆಯವರ ಗ್ರೂಪಿನಲ್ಲಿ ದೊಡ್ಡಪ್ಪ ಯಾವುದೋ ಹಳೆಯ ವಿಡಿಯೋ ಹಾಕಿದರು ಎನ್ನಿ. ‘ಫೇಕ್! ಸುಮ್ನೆ ಏನೇನೋ ಕಳಿಸ್ಬೇಡಿ’ ಎಂದು ಹುಡುಗ ಎಲ್ಲರೆದುರು ಬರೆದರೆ ದೊಡ್ಡಪ್ಪನಿಗೆ ಸಿಟ್ಟು ಬರುತ್ತದೆ. ವಿಡಿಯೋ ಮಾತ್ರ ಅಲ್ಲೇ ಉಳಿಯುತ್ತದೆ. ಅವರಿಗೊಬ್ಬರಿಗೇ ಬರೆಯಲಿ: ‘ದೊಡ್ಡಪ್ಪ, ಇದು ಹಳೆಯದು, ಈ ಸುದ್ದಿ ನೋಡಿ.’ ಕಳಿಸಿದ ಸುಮಾರು ಎರಡೂವರೆ ದಿನದೊಳಗೆ ಅವರೇ ಎಲ್ಲರ ಫೋನಿನಿಂದಲೂ ಅದನ್ನು ಅಳಿಸಬಹುದು. ಗ್ರೂಪಿನಲ್ಲಿ ಬರೆಯಲೇಬೇಕು ಎಂದಾದರೆ ನಿಜ ಏನು ಎಂಬುದು ಮೊದಲ ಸಾಲಿನಲ್ಲೇ ಬರಲಿ. ಸುಳ್ಳು ಚಿತ್ರಕ್ಕೆ ಕೆಂಪು ಅಡ್ಡಗೀಟು ಎಳೆದು ಮತ್ತೆ ಹಂಚಿದರೆ ಅದಕ್ಕೆ ಇನ್ನೊಂದು ಸುತ್ತು ಸಿಕ್ಕ ಹಾಗೆ. ಕಳಿಸಿದವರ ಹೆಸರು, ನಂಬರ್ ಕಾಣುವ ಸ್ಕ್ರೀನ್‌ಶಾಟ್ ಹಾಕಿ ಗೇಲಿ ಮಾಡುವುದಂತೂ ಬೇಡವೇ ಬೇಡ.

ಸಹಪಾಠಿಯ ತಿರುಚಿದ ಫೋಟೋ ಬಂದರೆ ಮಾತ್ರ ಲೆಕ್ಕ ಬೇರೆ. ‘ಇದು ನಿಜವಾ?’ ಎಂದು ಕೇಳಲೂ ಅದನ್ನು ಯಾರಿಗೂ ಕಳಿಸಬಾರದು. ನಂಬುವ ದೊಡ್ಡವರೊಬ್ಬರಿಗೆ ನೇರವಾಗಿ ತೋರಿಸಬೇಕು. ಮಕ್ಕಳ ಸಹಾಯವಾಣಿ 1098 ಇದೆ, ಮಕ್ಕಳೇ ಕರೆ ಮಾಡಬಹುದು.

ಇನ್ನು ದೊಡ್ಡಪ್ಪಂದಿರಿಗೆ, ಅತ್ತೆಯಂದಿರಿಗೆ ಒಂದು ಮಾತು. ಮಗು ಮೆಲ್ಲಗೆ ತಪ್ಪು ತೋರಿಸಿದಾಗ ‘ನಿನಗೇನು ಗೊತ್ತು’ ಅನ್ನಬೇಡಿ. ‘ಹೌದಾ, ಅದನ್ನು ಹೇಗೆ ಹುಡುಕಿದೆ? ನನಗೂ ತೋರಿಸು’ ಅನ್ನಿ.

ನಮಸ್ಕಾರ.